ಇಂಗ್ಲಿಷಿನಲ್ಲೂ ಒಂದು ‘ಈರ್’ ಉಂಟು!

ಮಗುವಿಗೆ ಜ್ವರ. ಶಾಲೆಗೆ ಕಳಿಸಿಲ್ಲ. ಸಂಜೆ ಅಮ್ಮ ಟೀಚರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹಾಕಿದರು: ‘ಮೈ ಸನ್ ಈಸ್ ಆಬ್ಸೆಂಟ್ ಟುಡೇ. ಸೆಂಡ್ ದ ಹೋಂವರ್ಕ್.’ ಸ್ಪೆಲ್ಲಿಂಗ್ ಸರಿ, ವ್ಯಾಕರಣ ಸರಿ, ಫುಲ್‌ಸ್ಟಾಪ್ ಕೂಡ ಇರಬೇಕಾದಲ್ಲೇ ಉಂಟು. ಆ ಕಡೆಯಿಂದ ಹೋಂವರ್ಕಿನ ಫೋಟೊ ಬಂತು, ಒಂದಕ್ಷರ ಮಾತಿಲ್ಲ. ಎರಡು ದಿನ ಬಿಟ್ಟು ಗೇಟಿನ ಹತ್ತಿರ ಸಿಕ್ಕಿದ ಟೀಚರ ಮುಖದಲ್ಲಿ ಎಂದಿನ ನಗುವೂ ಇರಲಿಲ್ಲವಂತೆ. ‘ನಾನು ಎಂತ ತಪ್ಪು ಬರೆದೆ ಹೇಳು’ ಅಂತ ಬಿ.ಸಿ.ರೋಡಿನ ನನ್ನ ಪರಿಚಯದವರೊಬ್ಬರು ಫೋನ್ ಮುಂದೆ ಹಿಡಿದರು. ವ್ಯಾಕರಣದ ಲೆಕ್ಕದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ.

ಆದರೆ ಅದೇ ಮಾತನ್ನು ಅವರು ತುಳುವಿನಲ್ಲಿ ಹೇಳುತ್ತಿದ್ದರೆ ಹೇಗೆ ಹೇಳುತ್ತಿದ್ದರು? ‘ಟೀಚರೇ, ಒರ ಹೋಂವರ್ಕ್ ಕಡಪುಡ್ಲೆ’ ಅನ್ನುತ್ತಿದ್ದರು. ಆ ‘ಲೆ’ಯಲ್ಲಿ ಮರ್ಯಾದೆ ಕೂತಿದೆ. ಕನ್ನಡದ ‘ಕಳಿಸಿ’ಯಲ್ಲಿ ಕೊನೆಯ ಇಕಾರಕ್ಕೂ ಅದೇ ಕೆಲಸ. ಇಂಗ್ಲಿಷಿನ ‘ಸೆಂಡ್’ ಅನ್ನುವ ಪದಕ್ಕೆ ಮಾತ್ರ ಇಂಥ ಬಾಲವೇ ಇಲ್ಲ. ನಾವು ‘ಕಡಪುಡ್ಲೆ’ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ‘ಸೆಂಡ್’ ಅಂತ ಬರೆದರೆ, ಓದುವವರಿಗೆ ಕಾಣುವುದು ‘ಕಡಪುಡು’ ಅಂತ. ಮನೆಕೆಲಸದವರಿಗೂ ನಾವು ಹಾಗೆ ಹೇಳುವುದಿಲ್ಲ, ಅಲ್ವಾ?

ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದೇವೆ, ಟ್ಯೂಷನ್ನಿಗೂ ಕಳಿಸುತ್ತೇವೆ. ‘ನನ್ನ ಮಗಳಿಗೆ ಇಂಗ್ಲಿಷ್ ಬರ್ತದೆ’ ಅಂತ ಹೇಳಿಕೊಳ್ಳುತ್ತೇವೆ. ಆದರೆ ಯಾರ ಹತ್ತಿರ, ಎಲ್ಲಿ, ಹೇಗೆ ಮಾತನಾಡಬೇಕೆಂಬ ಪಾಠ ನಮ್ಮ ಇಂಗ್ಲಿಷ್ ಕಲಿಕೆಯಲ್ಲಿ ಎಲ್ಲೋ ಬಿಟ್ಟುಹೋಗಿದೆ. ಬೇರೆ ಯಾವ ಭಾಷೆಯಲ್ಲೂ ನಾವು ಅದನ್ನು ಬಿಟ್ಟವರಲ್ಲ.

ನಮಗೆ ಗೊತ್ತಿಲ್ಲದ್ದಾ ಇದು?

ನೋಡಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೆಂಗಸರಿಗೆ ಭಾಷೆ ಬದಲಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬೆಳಗ್ಗೆ ಮೀನಿನ ಅಕ್ಕನ ಹತ್ತಿರ ತುಳುವಿನಲ್ಲಿ ಚರ್ಚೆ, ದಿನಸಿ ಅಂಗಡಿಯಲ್ಲಿ ಕೊಂಕಣಿಯ ನಾಲ್ಕು ಮಾತು, ನೆರೆಮನೆಯ ಬ್ಯಾರಿ ಹೆಂಗಸಿನ ಜತೆ ಅರ್ಧ ಬ್ಯಾರಿ ಅರ್ಧ ತುಳು, ಬ್ಯಾಂಕಿನಲ್ಲಿ ಪುಸ್ತಕದ ಹಾಗಿನ ಕನ್ನಡ. ಊಟಕ್ಕೆ ಮೊದಲೇ ನಾಲ್ಕು ಭಾಷೆ ಮುಗಿದಿರುತ್ತದೆ! ಅದರಲ್ಲೂ ಒಂದೊಂದು ಭಾಷೆಯ ಒಳಗೆ ಮತ್ತೆ ಎರಡೆರಡು ದಾರಿ. ತುಳುವಿನಲ್ಲಿ ಗೆಳತಿಗೆ ‘ಈ’, ಅತ್ತೆಗೆ ‘ಈರ್’. ಮಗುವಿಗೆ ‘ಬಲ’, ಮಾವನಿಗೆ ‘ಬಲೆ’. ಕನ್ನಡದಲ್ಲಿ ನೀನು, ನೀವು.

ಮೂಡುಬಿದಿರೆ, ಉಜಿರೆಯ ಹಾಸ್ಟೆಲುಗಳಿಗೆ ಉತ್ತರ ಕರ್ನಾಟಕದಿಂದ ಬರುವ ಮಕ್ಕಳನ್ನು ಗಮನಿಸಿ. ಅವರ ಮರ್ಯಾದೆ ಎಲ್ಲ ಒಂದು ‘ರೀ’ಯಲ್ಲಿ ಉಂಟು. ‘ಹೌದ್ರಿ’, ‘ಬರ್ರಿ’, ‘ಇಲ್ಲರೀ’. ನಮ್ಮ ಕಡೆಯ ‘ಮಾರಾಯ್ರೆ’ ಕೇಳಿ ಅವರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ಮೇಲಿನವರ ಹತ್ತಿರ ‘ಎಂತ ಮಾರ್ರೆ’ ಅಂದರೆ ಅಲ್ಲೂ ಅದೇ ಕಥೆ. ಕನ್ನಡ ಒಂದೇ ಆದರೂ ಮರ್ಯಾದೆ ಇಡುವ ಜಾಗ ಊರಿಂದ ಊರಿಗೆ ಬೇರೆ.

ಇದನ್ನೆಲ್ಲ ನಾವು ಮಕ್ಕಳಿಗೆ ಹೇಗೆ ಕಲಿಸಿದೆವು? ಕೋಷ್ಟಕ ಬರೆಸಿ ಬಾಯಿಪಾಠ ಮಾಡಿಸಿದೆವಾ? ಇಲ್ಲ. ನಾಲ್ಕು ವರ್ಷದ ಮಗು ಅಜ್ಜನಿಗೆ ‘ಈ’ ಅಂದ ಕೂಡಲೇ ‘ಅಜ್ಜನಿಗೆ ಹಾಗೆ ಹೇಳ್ತಾರಾ?’ ಅಂತ ಕೇಳಿದೆವು. ಹತ್ತು ಸಲ ಕೇಳಿದ ಮೇಲೆ ಮಗುವೇ ತಿದ್ದಿಕೊಂಡಿತು. ಅಂಗಳದಲ್ಲಿ ಬೇರೆ ಮಾತು, ದೇವಸ್ಥಾನದಲ್ಲಿ ಬೇರೆ ಮಾತು ಅನ್ನುವುದು ಕೇಳಿಕೇಳಿ ಬಂತು.

ಇನ್ನೂ ಒಳ್ಳೆಯ ಶಾಲೆ ನಮ್ಮ ಊರಲ್ಲೇ ಉಂಟು, ಯಕ್ಷಗಾನ. ರಾತ್ರಿ ರಂಗಸ್ಥಳದಲ್ಲಿ ಕೌರವನಾಗಿ ಅಚ್ಚಗನ್ನಡದಲ್ಲಿ ಗುಡುಗಿದ ಕಲಾವಿದರು ಚೌಕಿಗೆ ಬಂದ ಮೇಲೆ ಚಾ ಕೇಳುವುದು ತುಳುವಿನಲ್ಲಿ. ರಂಗದ ಮೇಲೆ ಅವರ ಬಾಯಿಂದ ಒಂದು ಇಂಗ್ಲಿಷ್ ಪದ ಬಿದ್ದರೆ ಪ್ರೇಕ್ಷಕರಿಗೆ ಸಹಿಸಲಿಕ್ಕಾಗುವುದಿಲ್ಲ. ಅದೇ ಆಟದಲ್ಲಿ ಹಾಸ್ಯಗಾರನಿಗೆ ಬೇರೆ ರಿಯಾಯಿತಿ ಉಂಟು. ರಾಜನ ಮಾತು ದೂತನ ಬಾಯಲ್ಲಿ ಒಪ್ಪುವುದಿಲ್ಲ, ದೂತನ ಮಾತು ರಾಜನ ಬಾಯಲ್ಲಿ ಒಪ್ಪುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ತಾಳಮದ್ದಳೆ ಕೇಳಿದ ಹಿರಿಯರಿಗೆ ಪಾತ್ರಕ್ಕೆ ತಕ್ಕ ಮಾತು ಅಂದರೆ ಏನೆಂದು ವಿವರಿಸಬೇಕಾ?

ಹಾಗಾದರೆ ಇಂಗ್ಲಿಷಿನ ಮರ್ಯಾದೆ ಎಲ್ಲಿದೆ?

ತಮಾಷೆ ಏನು ಗೊತ್ತುಂಟಾ? ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ‘ಈ’ ಮತ್ತು ‘ಈರ್’ ಎರಡೂ ಇತ್ತು. ಆತ್ಮೀಯರಿಗೆ, ಕೆಳಗಿನವರಿಗೆ ‘ದೌ’, ದೊಡ್ಡವರಿಗೆ ‘ಯೂ’. ಷೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಸಿಗುತ್ತವೆ. 17ನೇ ಶತಮಾನ ಮುಗಿಯುವಷ್ಟರಲ್ಲಿ ದಿನಬಳಕೆಯ ಮಾತಿನಿಂದ ‘ದೌ’ ಹೆಚ್ಚುಕಡಿಮೆ ಮಾಯವಾಯಿತು. ಉಳಿದದ್ದು ಮರ್ಯಾದೆಯ ‘ಯೂ’. ಅಂದರೆ ಇಂಗ್ಲಿಷಿನವರು ಎಲ್ಲರಿಗೂ ‘ಈರ್’ ಅನ್ನತೊಡಗಿದರು, ಮನೆಯ ನಾಯಿಗೂ! ಎಲ್ಲರಿಗೂ ಒಂದೇ ಆದಮೇಲೆ ಅದರಲ್ಲಿ ಮರ್ಯಾದೆ ಎಲ್ಲಿ ಉಳಿಯಿತು? ಹಾಗಾಗಿ ಅವರು ಅದನ್ನು ವಾಕ್ಯದ ರೂಪದಲ್ಲಿ ಇಟ್ಟುಕೊಂಡರು. ಅಪ್ಪಣೆಯನ್ನು ಪ್ರಶ್ನೆ ಮಾಡಿದರು, ‘ಕ್ಯಾನ್’ ಅನ್ನು ‘ಕುಡ್’ ಮಾಡಿದರು, ‘ವಿಲ್’ ಅನ್ನು ‘ವುಡ್’ ಮಾಡಿದರು.

ಸೆಕೆ ಆಗುತ್ತದೆ, ಫ್ಯಾನ್ ಹಾಕಬೇಕು ಅಂತ ಇಟ್ಟುಕೊಳ್ಳಿ. ತಂಗಿಗೆ ‘ಸ್ವಿಚ್ ಆನ್ ದ ಫ್ಯಾನ್’ ಸಾಕು. ಗೆಳತಿಗೆ ‘ಕ್ಯಾನ್ ಯೂ ಸ್ವಿಚ್ ಆನ್ ದ ಫ್ಯಾನ್?’. ಟೀಚರಿಗೆ ‘ಕುಡ್ ಯೂ ಪ್ಲೀಸ್ ಸ್ವಿಚ್ ಆನ್ ದ ಫ್ಯಾನ್, ಮಿಸ್?’. ಗುರುತು ಪರಿಚಯ ಇಲ್ಲದ ಆಫೀಸಿನಲ್ಲಿ ಕಾಯುತ್ತ ಕೂತಿದ್ದರೆ ‘ವುಡ್ ಯೂ ಮೈಂಡ್ ಇಫ್ ಐ ಸ್ವಿಚ್ಡ್ ಆನ್ ದ ಫ್ಯಾನ್?’. ಇದಕ್ಕೂ ಮೇಲೆ ಒಂದುಂಟು, ಫ್ಯಾನಿನ ಹೆಸರನ್ನೇ ಎತ್ತದೆ ‘ಇಟ್ಸ್ ಅ ಬಿಟ್ ವಾರ್ಮ್ ಇನ್ ಹಿಯರ್’ ಅನ್ನುವುದು. ನಾವು ನೆಂಟರ ಮನೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ‘ಎಂತ ಸೆಕೆ ಮಾರ್ರೆ!’ ಅನ್ನುವುದಿಲ್ಲವಾ, ಅದೇ ಉಪಾಯ.

ಇಲ್ಲಿ ಒಂದು ಗುಂಡಿ ಉಂಟು, ನಮ್ಮ ಮಕ್ಕಳು ಪದೇಪದೇ ಬೀಳುವಂಥದ್ದು. ‘ವುಡ್ ಯೂ ಮೈಂಡ್’ ಅಂತ ಯಾರಾದರೂ ಕೇಳಿದರೆ ಮಕ್ಕಳು ಉತ್ಸಾಹದಿಂದ ‘ಯೆಸ್, ಯೆಸ್’ ಅನ್ನುತ್ತಾರೆ. ‘ನಿಮಗೆ ಅಡ್ಡಿ ಉಂಟಾ?’ ಅನ್ನುವ ಪ್ರಶ್ನೆಗೆ ‘ಹೌದು, ಅಡ್ಡಿ ಉಂಟು’ ಅಂದ ಹಾಗಾಯಿತು! ‘ನಾಟ್ ಅಟ್ ಆಲ್’ ಅಂತ ಹೇಳಿಕೊಡಿ.

‘ಪ್ಲೀಸ್ ಹಾಕಿದರೆ ಸಾಕಲ್ಲ?’ ಅಂತ ನೀವು ಕೇಳಬಹುದು. ಸಾಲದು. ‘ಪ್ಲೀಸ್ ಸೆಂಡ್ ದ ಹೋಂವರ್ಕ್’ ಅಂದರೂ ಒಳಗಿರುವುದು ಅಪ್ಪಣೆಯೇ, ಮೇಲೆ ಸ್ವಲ್ಪ ಸಕ್ಕರೆ ಉದುರಿಸಿದೆ ಅಷ್ಟೆ. ಆದರೆ ಮನೆಗೆ ಬಂದವರಿಗೆ ‘ಕಮ್ ಇನ್, ಹ್ಯಾವ್ ಅ ಸೀಟ್, ಹ್ಯಾವ್ ಸಮ್ ಟೀ’ ಅನ್ನಲು ಕುಡ್, ವುಡ್ ಯಾವುದೂ ಬೇಡ. ಯಾಕೆ? ಅಲ್ಲಿ ಲಾಭ ಕೇಳುವವರದ್ದು. ನಮ್ಮ ಲಾಭಕ್ಕೆ ಬೇರೆಯವರಿಂದ ಕೆಲಸ ಆಗಬೇಕಾದಾಗ ಮಾತ್ರ ಸುತ್ತುಬಳಸು ಬೇಕು. (‘ಸಿಟ್ ಡೌನ್’ ಮಾತ್ರ ನೆಂಟರಿಗೆ ಬೇಡ, ಕ್ಲಾಸಿನಲ್ಲಿ ಕೂತ ಹಾಗೆ ಆಗುತ್ತದೆ.)

ಆ ಹೋಂವರ್ಕಿನ ಮೆಸೇಜನ್ನು ಹೇಗೆ ಬರೆಯಬಹುದಿತ್ತು? ‘ಗುಡ್ ಈವ್ನಿಂಗ್, ಮೇಡಂ. ಮೈ ಸನ್ ಹ್ಯಾಸ್ ಫೀವರ್ ಅಂಡ್ ಕುಡ್ ನಾಟ್ ಕಮ್ ಟುಡೇ. ಕುಡ್ ಯೂ ಪ್ಲೀಸ್ ಸೆಂಡ್ ದ ಹೋಂವರ್ಕ್ ವೆನ್ ಯೂ ಆರ್ ಫ್ರೀ? ಥ್ಯಾಂಕ್ ಯೂ.’ ‘ವೆನ್ ಯೂ ಆರ್ ಫ್ರೀ’ ಅಂದರೆ ನಮ್ಮ ತುಳುವಿನ ‘ಒರ’, ಕನ್ನಡದ ‘ಒಮ್ಮೆ’ ಇದ್ದ ಹಾಗೆ. ಗಡಿಬಿಡಿ ಇಲ್ಲ, ನಿಮ್ಮ ಅನುಕೂಲ ನೋಡಿ ಅನ್ನುವ ದನಿ. ‘ಒಮ್ಮೆ ಬನ್ನಿ’ಯನ್ನು ‘ಒನ್ ಟೈಮ್ ಕಮ್’ ಅಂತ ತಿರುಗಿಸಿದರೆ ಮಾತ್ರ ದನಿಯೂ ಹೋಯಿತು, ಅರ್ಥವೂ ಹೋಯಿತು.

ಮೂರು ಪ್ರಶ್ನೆ

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅಂತ ಇಬ್ಬರು ವಿದ್ವಾಂಸರು ಜನ ಮರ್ಯಾದೆಯ ಮಾತು ಹೇಗೆ ಆಡುತ್ತಾರೆಂದು ಅಭ್ಯಾಸ ಮಾಡಿ 1978ರಲ್ಲಿ ಬರೆದರು, 1987ರಲ್ಲಿ ಅದು ಪುಸ್ತಕವಾಗಿ ಬಂತು. ಅವರು ಎತ್ತಿಕೊಂಡ ಮೂರು ಭಾಷೆಗಳಲ್ಲಿ ಒಂದು ಇಂಗ್ಲಿಷ್, ಇನ್ನೊಂದು ಮೆಕ್ಸಿಕೊದ ತ್ಸೆಲ್ತಾಲ್, ಮೂರನೆಯದು ನಮ್ಮ ಪಕ್ಕದ ತಮಿಳು, ಅದೂ ತಮಿಳುನಾಡಿನ ಒಂದು ಹಳ್ಳಿಯದ್ದು! ಅವರ ಲೆಕ್ಕಾಚಾರವನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬೇಕಾದರೆ ಮೂರೇ ಪ್ರಶ್ನೆ. ಎದುರಿನವರು ನಮಗಿಂತ ದೊಡ್ಡವರಾ? ಎಷ್ಟು ಹತ್ತಿರದವರು? ಕೇಳುವ ಕೆಲಸ ಎಷ್ಟು ದೊಡ್ಡದು?

ಮೂರನೆಯದನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ಗೆಳತಿಯ ಹತ್ತಿರ ಪೆನ್ನು ಕೇಳಲು ‘ಪಾಸ್ ಮಿ ದ ಪೆನ್’ ಸಾಕು. ಅದೇ ಗೆಳತಿಯ ಲ್ಯಾಪ್‌ಟಾಪ್ ಎರಡು ದಿನಕ್ಕೆ ಬೇಕಾದರೆ? ‘ಐ ವಾಸ್ ವಂಡರಿಂಗ್ ಇಫ್ ಐ ಕುಡ್ ಬಾರೋ ಯುವರ್ ಲ್ಯಾಪ್‌ಟಾಪ್’ ಅಂತ ಮೆಲ್ಲ ಶುರು ಮಾಡಬೇಕು. ನಾವು ಮಾಡುವುದೂ ಅದನ್ನೇ. ಒಂದು ಲೋಟ ಸಕ್ಕರೆ ಬೇಕಾದರೆ ಬೇಲಿಯಾಚೆಯಿಂದಲೇ ಕೂಗುತ್ತೇವೆ. ಮದುವೆಗೆ ಹಾಕಿಕೊಳ್ಳಲು ನೆಕ್ಲೇಸ್ ಬೇಕಾದರೆ ಒಳಗೆ ಹೋಗಿ, ಕೂತು, ಮಕ್ಕಳ ಪರೀಕ್ಷೆ ವಿಷಯ ಮಾತಾಡಿ, ಚಾ ಕುಡಿದು, ಏಳುವಾಗ ಮೆಲ್ಲನೆ ಬಾಯಿಬಿಡುತ್ತೇವೆ.

ಮರ್ಯಾದೆ ಜಾಸ್ತಿಯಾದರೂ ಕಷ್ಟ

ಇನ್ನೊಂದು ತುದಿಯದ್ದೂ ಉಂಟು. ಕೆಲವು ಮಕ್ಕಳಿಗೆ ಬರುವುದು ರಜಾ ಅರ್ಜಿಯ ಇಂಗ್ಲಿಷ್ ಮಾತ್ರ. ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’, ‘ಐ ಹಂಬ್ಲಿ ರಿಕ್ವೆಸ್ಟ್ ಯುವರ್ ಗುಡ್ ಸೆಲ್ಫ್’. ಬ್ರಿಟಿಷರ ಕಾಲದ ಕಚೇರಿಯ ವಾಸನೆ. ಬೇಡಿಕೊಳ್ಳುವ ಈ ದನಿಯಲ್ಲೇ ಮಗ ಸಹಪಾಠಿಗೆ ನೋಟ್ಸ್ ಕೇಳಿದರೆ ಅವನು ನಗದೆ ಇರುತ್ತಾನಾ? ಇಂಟರ್‌ವ್ಯೂನಲ್ಲಿ ಪ್ರತಿ ವಾಕ್ಯಕ್ಕೆ ಎರಡು ಸಲ ‘ಸರ್’ ಹಾಕುವ ಹುಡುಗಿ ಹೆದರಿದವಳ ಹಾಗೆ ಕಾಣುತ್ತಾಳೆ, ಅವಳಿಗೆ ಕೆಲಸ ಎಷ್ಟೇ ಚೆನ್ನಾಗಿ ಗೊತ್ತಿರಲಿ.

ಇದನ್ನು ಹೇಳುವಾಗ ಒಂದು ಎಚ್ಚರ. ನಮ್ಮ ಇಂಗ್ಲಿಷೆಲ್ಲ ತಪ್ಪು ಅನ್ನುವವರ ಜತೆ ನಾನಿಲ್ಲ. ‘ವಾಟ್ ಈಸ್ ಯುವರ್ ಗುಡ್ ನೇಮ್?’ ಅಂತ ಕೇಳಿದರೆ ನಗುವವರುಂಟು. ಅದರಲ್ಲಿ ನಗುವಂಥದ್ದೇನು? ಹಿಂದಿಯ ‘ಶುಭ ನಾಮ’ದ ಮರ್ಯಾದೆಯನ್ನು ನಾವು ಇಂಗ್ಲಿಷಿಗೆ ಉಡಿಸಿದ್ದೇವೆ. ‘ಡು ದ ನೀಡ್‌ಫುಲ್’ ಅನ್ನುವುದು ನಮ್ಮ ಸರಕಾರಿ ಕಚೇರಿಯಲ್ಲಿ ಇವತ್ತಿಗೂ ನಡೆಯುತ್ತದೆ, ಅಲ್ಲಿ ಬರೆಯಿರಿ. ದುಬೈಯಲ್ಲೋ ಲಂಡನ್ನಿನಲ್ಲೋ ಇರುವ ಕಂಪೆನಿಗೆ ಬರೆಯುವಾಗ ಬೇಡ. ಊರಿನಲ್ಲಿ ಪಕ್ಕದ ಮನೆಯವರನ್ನು ‘ಆಂಟಿ’ ಅನ್ನದೆ ಹೆಸರು ಹಿಡಿದು ಕರೆದರೆ ಮಗುವಿಗೆ ಸಂಸ್ಕಾರ ಇಲ್ಲ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸಂಬಂಧ ಇಲ್ಲದವರನ್ನು ‘ಆಂಟಿ’ ಅಂದರೆ ಅವರು ತಲೆಗೂದಲು ಮುಟ್ಟಿ ನೋಡಿಕೊಳ್ಳಬಹುದು!

ಇನ್ನು ಉಪಚಾರದ ವಿಷಯ. ನಮ್ಮಲ್ಲಿ ಮೊದಲ ಸಲ ‘ಬೇಡ’ ಅಂದರೆ ಅದು ಬೇಡ ಅಂತ ಅಲ್ಲ, ಮೂರು ಸಲ ಒತ್ತಾಯ ಮಾಡಬೇಕು. ಆ ಕಡೆಯವರು ಮೊದಲ ‘ನೋ, ಥ್ಯಾಂಕ್ಸ್’ ಅನ್ನೇ ನಂಬಿ ತಟ್ಟೆ ಒಳಗೆ ಒಯ್ಯುತ್ತಾರೆ. ವಿದೇಶಕ್ಕೆ ಹೊರಟ ಮಗಳಿಗೆ ಉಪ್ಪಿನಕಾಯಿ ಬಾಟಲಿಯ ಜತೆ ಇದನ್ನೂ ಕಟ್ಟಿಕೊಡಿ, ಹಸಿವಾಗಿದ್ದರೆ ಮೊದಲ ಸಲವೇ ‘ಯೆಸ್, ಪ್ಲೀಸ್’ ಅನ್ನಬೇಕು.

ಶಾಲೆ ಒಂದು ಕಡೆ, ಮೊಬೈಲ್ ಒಂದು ಕಡೆ

ಈಗಿನ ಮಕ್ಕಳಿಗೆ ಇಂಗ್ಲಿಷ್ ಎರಡು ಬಾಗಿಲಿನಿಂದ ಒಳಗೆ ಬರುತ್ತದೆ. ಒಂದು ಪಠ್ಯಪುಸ್ತಕ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು, 2019ರಿಂದ ಆಯ್ದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಅಲ್ಲಿ ಸಿಗುವುದು ಬರೆಯುವ ಇಂಗ್ಲಿಷ್, ಗಂಭೀರ. ಇನ್ನೊಂದು ಬಾಗಿಲು ಮೊಬೈಲ್. ಯೂಟ್ಯೂಬ್, ಕಾರ್ಟೂನ್, ಗೇಮ್. ಅಲ್ಲಿಂದ ‘ಶಟ್ ಅಪ್’, ‘ಹೂ ಕೇರ್ಸ್’, ‘ಗೆಟ್ ಲಾಸ್ಟ್’. ಆಟದ ಮಧ್ಯೆ ಗೆಳೆಯನಿಗೆ ಹೇಳಿದ್ದನ್ನೇ ಮಗು ಅಜ್ಜಿಗೂ ಹೇಳುತ್ತದೆ. ಅಜ್ಜಿಗೆ ಅರ್ಥ ಆಗುವುದಿಲ್ಲ ಅಂತ ನಾವು ಸುಮ್ಮನಿದ್ದುಬಿಡುತ್ತೇವೆ. ಅಜ್ಜಿಗೆ ದನಿ ಅರ್ಥ ಆಗುತ್ತದೆ, ನೆನಪಿರಲಿ.

ಅತ್ತ ಅರ್ಜಿಯ ಇಂಗ್ಲಿಷ್, ಇತ್ತ ಗೇಮಿನ ಇಂಗ್ಲಿಷ್. ನಡುವಿನದ್ದು, ಅಂದರೆ ನಾಲ್ಕು ಜನರ ಮಧ್ಯೆ ಒಪ್ಪುವ ದಿನಬಳಕೆಯ ಮಾತು, ಇವೆರಡರಲ್ಲೂ ಸಿಗುವುದಿಲ್ಲ. ಅದನ್ನು ತುಂಬಿಸುವ ಜಾಗ ಮನೆ ಅಂತ ನನ್ನ ಅಭಿಪ್ರಾಯ. ನಲವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಟೀಚರು ಒಬ್ಬೊಬ್ಬರ ಹತ್ತಿರ ಎಷ್ಟು ಮಾತಾಡಿಸಲು ಸಾಧ್ಯ?

ಪರೀಕ್ಷೆಯಲ್ಲಿ ಇದು ಇಲ್ಲವೇ ಇಲ್ಲ ಅಂತಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿ. ಒಂದು ಸಣ್ಣ ಸಂಭಾಷಣೆ ಕೊಟ್ಟು, ಗೆರೆ ಎಳೆದ ಮಾತು ವಿನಂತಿಯಾ, ಸಲಹೆಯಾ, ಅನುಮತಿ ಕೇಳುವುದಾ ಅಂತ ಕೇಳುತ್ತಾರೆ. ‘ಲ್ಯಾಂಗ್ವೇಜ್ ಫಂಕ್ಷನ್’ ಅಂತ ಮಕ್ಕಳು ಬಾಯಿಪಾಠ ಮಾಡುವುದು ಇದನ್ನೇ. ‘ಮೇ ಐ’ ಕಂಡರೆ ಅನುಮತಿ, ‘ವೈ ಡೋಂಟ್ ಯೂ’ ಕಂಡರೆ ಸಲಹೆ ಅಂತ ಗುರುತು ಹಿಡಿದು ಅಂಕ ತೆಗೆಯುತ್ತಾರೆ. ಬಾಯಿ ಬಿಟ್ಟು ಆಡಿದ್ದು ಎಷ್ಟು ಸಲ?

ಆಡಿ ಕಲಿಯಬೇಕೆಂಬ ಮಾತು ನಮ್ಮ ರಾಜ್ಯಕ್ಕೆ ಹೊಸತೂ ಅಲ್ಲ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತ ಬಂದಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣದ ಪಾಠ ಬದಿಗಿಟ್ಟು, ನಕ್ಷೆ ನೋಡಿ ದಾರಿ ಹುಡುಕುವುದು, ರೈಲಿನ ವೇಳಾಪಟ್ಟಿ ಓದಿ ಉತ್ತರ ಕಂಡುಹಿಡಿಯುವುದು, ಇಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಿದರು. ಇಂಗ್ಲಿಷ್ ಕಲಿಸುವವರ ಜಗತ್ತಿನಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಹೆಸರು.

ಈಗ ತಿರುಗಿಸಿ ನೋಡಿ. ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರಿಗೆ ನಮ್ಮ ತುಳು ಪರಭಾಷೆ. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಬರೆದರು, ಮೆನ್ನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ತಂದರು. ಆದರೂ ನಿಘಂಟಿನಲ್ಲಿ ಸಿಗುವುದು ಪದ ಮಾತ್ರ. ಯಾರ ಮನೆಯ ಜಗಲಿಯಲ್ಲಿ ‘ಈ’, ಯಾರ ಮನೆಯಲ್ಲಿ ‘ಈರ್’ ಅನ್ನುವುದನ್ನು ಜಗಲಿಯಲ್ಲಿ ಕೂತೇ ಕಲಿಯಬೇಕಿತ್ತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ದುಡಿದವರು, ದೊಡ್ಡ ಪಂಡಿತರು. ಮಕ್ಕಳಿಗೆ ಬರೆಯುವಾಗ ಮಾತ್ರ ಮಕ್ಕಳ ಬಾಯಿಗೆ ಒಪ್ಪುವ ಮಾತು ಹುಡುಕಿದರು.

ದೋಸೆ ಹೊಯ್ಯುತ್ತ ಕಲಿಸಿ

‘ನನಗೇ ಇಂಗ್ಲಿಷ್ ಬರುವುದಿಲ್ಲ, ನಾನೇನು ಕಲಿಸುವುದು?’ ಅಂತೀರಾ? ನಾನೂ ಕನ್ನಡ ಮೀಡಿಯಮ್ಮಿನಲ್ಲೇ ಓದಿದ ಬಿ.ಎ. ಇಲ್ಲಿ ಬೇಕಾದದ್ದು ದೊಡ್ಡ ಇಂಗ್ಲಿಷಲ್ಲ, ಯಾರ ಹತ್ತಿರ ಹೇಗೆ ಅನ್ನುವ ತಿಳಿವಳಿಕೆ. ಅದು ನಿಮ್ಮಲ್ಲಿ ಟ್ಯೂಷನ್ ಮಾಸ್ಟರಿಗಿಂತ ಹೆಚ್ಚೇ ಇರಬಹುದು.

ನಮ್ಮ ಮನೆಯಲ್ಲಿ ನಡೆಯುವ ಒಂದು ಆಟ ಹೇಳುತ್ತೇನೆ. ಬೆಳಗ್ಗೆ ಮಗಳು ಚಟ್ನಿ ಕೇಳುತ್ತಾಳೆ. ‘ಈಗ ನಾನು ನಿನ್ನ ಪ್ರಿನ್ಸಿಪಾಲ್, ಕೇಳು’ ಅನ್ನುತ್ತೇನೆ. ಅವಳು ಬೆನ್ನು ನೆಟ್ಟಗೆ ಮಾಡಿ ‘ಎಕ್ಸ್‌ಕ್ಯೂಸ್ ಮಿ ಮ್ಯಾಮ್, ಮೇ ಐ ಹ್ಯಾವ್ ಸಮ್ ಚಟ್ನಿ, ಪ್ಲೀಸ್?’ ಅನ್ನುತ್ತಾಳೆ. ‘ಈಗ ನಾನು ನಿನ್ನ ಗೆಳತಿ.’ ‘ಏ, ಪಾಸ್ ದ ಚಟ್ನಿ, ಯಾ!’ ‘ಈಗ ಹೋಟೆಲಿನ ಸಪ್ಲೈಯರ್.’ ‘ಕುಡ್ ಐ ಹ್ಯಾವ್ ಸಮ್ ಮೋರ್ ಚಟ್ನಿ, ಪ್ಲೀಸ್?’ ಹೋಟೆಲಿನ ಹುಡುಗನಿಗೆ ‘ಕುಡ್ ಐ’ ಯಾಕೆ ಅಂತ ಅವಳು ಒಮ್ಮೆ ವಾದ ಹಾಕಿದಳು. ಬಿಲ್ಲು ಕೊಟ್ಟರೆ ಮರ್ಯಾದೆ ಬಿಡಬಹುದಾ ಅಂತ ಆ ದಿನ ದೊಡ್ಡ ಚರ್ಚೆಯೇ ಆಯಿತು, ದೋಸೆ ಎರಡು ಕರಟಿತು.

ಎರಡನೆಯದು, ಮೊದಲು ತುಳುವಿನಲ್ಲಿ ಅಥವಾ ಕನ್ನಡದಲ್ಲಿ ಹೇಳಿಸಿ. ‘ಇದನ್ನು ಡಾಕ್ಟರಿಗೆ ತುಳುವಿನಲ್ಲಿ ಹೇಗೆ ಕೇಳ್ತಿ?’ ಅಂತ ಕೇಳಿದರೆ ಮಗು ತಾನಾಗಿ ಮರ್ಯಾದೆಯ ರೂಪಕ್ಕೆ ಬರುತ್ತದೆ. ಆಮೇಲೆ ‘ಅಷ್ಟೇ ಮರ್ಯಾದೆ ಇಂಗ್ಲಿಷಿನಲ್ಲಿ ಎಲ್ಲಿಂದ ತರ್ತಿ?’ ಅಂತ ಕೇಳಿ. ಪದಕ್ಕೆ ಪದ ತಿರುಗಿಸುವುದು ಬೇಡ. ‘ಊಟ ಆಯ್ತಾ?’ ನಮಗೆ ನಮಸ್ಕಾರ ಇದ್ದ ಹಾಗೆ. ‘ಹ್ಯಾವ್ ಯೂ ಹ್ಯಾಡ್ ಲಂಚ್?’ ಅಂದರೆ ವಿದೇಶದವರು ಊಟಕ್ಕೆ ಕರೆಯುತ್ತಾರೋ ಏನೋ ಅಂದುಕೊಂಡಾರು. ಅಲ್ಲಿ ‘ಹೌ ಆರ್ ಯೂ?’ ಸಾಕು, ಅದಕ್ಕೆ ಉತ್ತರವಾಗಿ ಮಂಡಿನೋವಿನ ಕಥೆ ಬೇಡ.

ಸಂಜೆ ಬಸ್ಸಿನಲ್ಲಿ ಬಿ.ಸಿ.ರೋಡಿನಿಂದ ಸಿದ್ದಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವಾಗ ಮಕ್ಕಳ ಹತ್ತಿರ ಕಂಡಕ್ಟರನ್ನು ಗಮನಿಸಲು ಹೇಳಿ. ಅಜ್ಜಿಗೆ ಹೇಗೆ, ಕಾಲೇಜು ಹುಡುಗರಿಗೆ ಹೇಗೆ, ಮಗು ಎತ್ತಿಕೊಂಡವರಿಗೆ ಹೇಗೆ. ‘ಮುಂದೆ ಹೋಗಿ’ ಅನ್ನುವ ಒಂದೇ ಮಾತು ಎಷ್ಟು ತರ ಅಂತ ಲೆಕ್ಕ ಹಾಕಲಿ. ಅಷ್ಟನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬಹುದು ಅಂತ ಮನೆಗೆ ಬಂದು ಮಾತಾಡಿ.

ತಿದ್ದುವಾಗ ಮಾತ್ರ ‘ತಪ್ಪು’ ಅನ್ನಬೇಡಿ. ‘ಯಾರ ಹತ್ತಿರ ಮಾತಾಡ್ತಾ ಇದ್ದಿ?’ ಅಂತ ಕೇಳಿ. ನೆಂಟರ ಎದುರು ತಿದ್ದಲೇಬೇಡಿ. ಅಲ್ಲಿ ಒಮ್ಮೆ ನಾಚಿದ ಮಗು ಮತ್ತೆ ಬಾಯಿಬಿಡುವುದೇ ಇಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಬೇಕು

ಇಷ್ಟು ಹೊತ್ತು ಮೆತ್ತಗೆ ಮಾತಾಡುವುದರ ಬಗ್ಗೆಯೇ ಹೇಳಿದೆ. ಸಂದರ್ಭಕ್ಕೆ ತಕ್ಕ ಮಾತು ಅಂದರೆ ಯಾವಾಗಲೂ ಮೆತ್ತಗಿನ ಮಾತು ಅಂತಲ್ಲ. ನಮ್ಮ ಕಡೆ ‘ಇಲ್ಲ’ ಅನ್ನಲು ಒಂದು ಚಂದದ ಮಾತುಂಟು, ‘ನೋಡುವ’. ಚಂದಾ ಕೇಳಲು ಬಂದವರಿಗೆ, ಸಾಲ ಕೇಳಿದವರಿಗೆ ‘ನೋಡುವ’. ಕೇಳಿದವರಿಗೂ ಅರ್ಥ ಆಗುತ್ತದೆ, ಯಾರಿಗೂ ನೋವಿಲ್ಲ. ‘ಲೆಟ್ ಅಸ್ ಸೀ’ ಅಂತ ಅದನ್ನು ಇಂಗ್ಲಿಷಿಗೆ ತಂದರೆ ಎದುರಿನವರು ನಿಜವಾಗಿಯೂ ನೋಡುತ್ತ ಕೂರುತ್ತಾರೆ! ಆಫೀಸಿನಲ್ಲಿ ಹೆಚ್ಚಿನ ಕೆಲಸ ಹೊರಿಸಲು ಬಂದವರಿಗೆ ‘ಐ ಆ್ಯಮ್ ಅಫ್ರೇಡ್ ಐ ಕಾಂಟ್ ಟೇಕ್ ದಿಸ್ ಅಪ್ ದಿಸ್ ವೀಕ್’ ಅಂತ ಸ್ಪಷ್ಟವಾಗಿ ಹೇಳಬಹುದು. ಅಲ್ಲಿ ‘ಅಫ್ರೇಡ್’ ಅಂದರೆ ಹೆದರಿಕೆಯಲ್ಲ, ಮರ್ಯಾದೆ.

ಆದರೆ ಬಸ್ಸಿನಲ್ಲಿ ಮೈಗೆ ತಾಗಿ ನಿಲ್ಲುವವನಿಗೆ, ಟ್ರೈನಿಂಗಿನಲ್ಲಿ ಹೆಗಲ ಮೇಲೆ ಕೈ ಇಡುವವನಿಗೆ? ಅಲ್ಲಿ ‘ಕುಡ್ ಯೂ ಪ್ಲೀಸ್’ ಬೇಡವೇ ಬೇಡ. ‘ಸ್ಟಾಪ್ ದಟ್.’ ‘ಟೇಕ್ ಯುವರ್ ಹ್ಯಾಂಡ್ ಆಫ್.’ ಎರಡು, ನಾಲ್ಕು ಪದ, ಪ್ರಶ್ನೆ ಇಲ್ಲ, ನಗು ಇಲ್ಲ, ದನಿ ಏರಿಸಿ. ಮಂಗಳೂರಲ್ಲೋ ಬೆಂಗಳೂರಲ್ಲೋ ಕೆಲಸಕ್ಕೆ ಸೇರಿದ ಎಷ್ಟೋ ಹುಡುಗಿಯರು ಅಲ್ಲಿಯೂ ‘ಸಾರಿ ಸರ್, ಪ್ಲೀಸ್ ಸರ್’ ಅನ್ನುತ್ತಾರೆ, ಯಾಕೆಂದರೆ ಅವರಿಗೆ ಕಲಿಸಿದ್ದು ಅದೊಂದೇ ಇಂಗ್ಲಿಷ್. ಚಟ್ನಿ ಆಟದಲ್ಲಿ ಇದನ್ನೂ ಒಂದು ಪಾತ್ರ ಮಾಡಿ. ನಾಲ್ಕು ಸಲ ಜೋರಾಗಿ ಹೇಳಿಸಿ. ಮೊದಲ ಸಲ ಮಗಳು ನಗುತ್ತಾಳೆ. ನಾಲ್ಕನೆಯ ಸಲಕ್ಕೆ ಸರಿಯಾಗುತ್ತದೆ.

ನರ್ಸಿಂಗ್ ಓದಿ ಹೊರದೇಶಕ್ಕೆ ಹೊರಡುವ ನಮ್ಮ ಜಿಲ್ಲೆಯ ಹುಡುಗಿಯರಿಗಂತೂ ಇದು ಪರೀಕ್ಷೆಯ ವಿಷಯವೇ. ಅವರಲ್ಲಿ ಹಲವರು ಬರೆಯುವ ಓಇಟಿ ಪರೀಕ್ಷೆಯ ಮಾತಿನ ಭಾಗದಲ್ಲಿ ತಲಾ 5 ನಿಮಿಷದ ಎರಡು ಪಾತ್ರಾಭಿನಯ ಇರುತ್ತದೆ, ಹುಡುಗಿ ನರ್ಸ್, ಎದುರಿನವರು ರೋಗಿ ಅಥವಾ ರೋಗಿಯ ಕಡೆಯವರು. 2018ರಿಂದ ಅಲ್ಲಿ ರೋಗಿಯ ಜತೆ ಬೆಸೆಯುವ ಸಂಬಂಧ, ಅವರ ಮಾತಿಗೆ ಕಿವಿಗೊಡುವ ರೀತಿ, ಇದಕ್ಕೂ ಅಂಕ. ‘ಟೇಕ್ ಆಫ್ ಯುವರ್ ಶರ್ಟ್’ ಅಂತ ಅಪ್ಪಣೆ ಕೊಟ್ಟರೆ ವ್ಯಾಕರಣ ಸರಿಯಿದ್ದೂ ಅಂಕ ಹೋಗಬಹುದು. ‘ಐ ನೀಡ್ ಟು ಚೆಕ್ ಯುವರ್ ಚೆಸ್ಟ್. ಈಸ್ ದಟ್ ಆಲ್‌ರೈಟ್ ವಿತ್ ಯೂ?’ ಅನ್ನಬೇಕು. ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ಪರೀಕ್ಷೆಯಲ್ಲೂ ಒಂದು ಪತ್ರ ಬರೆಯಲಿಕ್ಕುಂಟು. ಅದು ಗೆಳತಿಗಾ, ಮನೆ ಮಾಲೀಕರಿಗಾ, ಕಂಪೆನಿಗಾ ನೋಡಿ ದನಿ ಬದಲಿಸಬೇಕು.

ಕಡೆಗೆ ಫೋನಿನ ವಿಷಯ ಒಂದು ಹೇಳಿಬಿಡುತ್ತೇನೆ, ಬಹಳ ಜನ ಕೇಳಿದ್ದಾರೆ. ಮಾತು ಶುರು ಮಾಡಲು ಹೇಗೋ ಆಗುತ್ತದೆ, ಮುಗಿಸುವುದು ಹೇಗೆ? ನಮ್ಮಲ್ಲಿ ‘ಹಾಗಾದ್ರೆ ಇಡ್ಲಾ?’ ಅಂತ ಕೇಳಿ, ‘ಆಯ್ತು, ಆಯ್ತು, ಇಡ್ತೇನೆ ಆಯ್ತಾ?’ ಅಂತ ಮೂರು ಸಲ ಹೇಳಿ ಮತ್ತೆ ಹತ್ತು ನಿಮಿಷ ಮಾತಾಡುತ್ತೇವೆ. ‘ಶಲ್ ಐ ಕೀಪ್?’ ಅಂದರೆ ಇಂಗ್ಲಿಷಿನವರಿಗೆ ಏನನ್ನು ಇಟ್ಟುಕೊಳ್ಳುವುದೋ ತಿಳಿಯುವುದಿಲ್ಲ. ಒಮ್ಮೆಲೇ ‘ಓಕೆ, ಬೈ’ ಅಂತ ಕಟ್ ಮಾಡಿದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಪರಿಚಯದವರಾದರೆ ‘ಐ ಶುಡ್ ಲೆಟ್ ಯೂ ಗೋ’ ಅನ್ನಿ, ನಿಮಗೆ ಕೆಲಸ ಇರಬಹುದು, ನಾನು ತಡೆಯುವುದಿಲ್ಲ ಅಂತ ಅದರ ದನಿ. ಒಲೆಯ ಮೇಲೆ ಹಾಲು ಉಕ್ಕುತ್ತಿರುವುದು ನಿಮ್ಮದೇ ಮನೆಯಲ್ಲಿ ಆದರೂ ಹಾಗೆ ಹೇಳಬಹುದು! ಶಾಲೆಯವರು, ಬ್ಯಾಂಕಿನವರಾದರೆ ‘ಥ್ಯಾಂಕ್ ಯೂ ಫಾರ್ ಕಾಲಿಂಗ್’ ಸಾಕು. ಅಂದ ಮೇಲೆ ಎರಡು ಕ್ಷಣ ತಡೆಯಿರಿ. ಆ ಕಡೆಯವರು ‘ಬೈ’ ಅಂದ ಮೇಲೆ ಇಡಿ.